ಪಾಲುದಾರಿಕೆ ಮುರಿದಾಗ ವ್ಯಾಪಾರಕ್ಕೆ ಬೆಲೆ ಕಟ್ಟುವುದು ಹೇಗೆ

ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲನ್ನೂ ಅಕ್ಕಿ ಗಿರಣಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಹೋಟೆಲಿನ ಕಾವಲಿ, ಗ್ರೈಂಡರ್, ಮೇಜು ಮಾರಿದರೆ ಕೈಗೆ ಬರುವುದು ಅಷ್ಟಕ್ಕಷ್ಟೇ. ಅದರ ಬೆಲೆಯೆಲ್ಲ ಗಿರಾಕಿ ಮತ್ತೆ ಮತ್ತೆ ಬರುವುದರಲ್ಲಿದೆ. ಗಿರಣಿಯಲ್ಲಿ ಲಾಭ ತೆಳು. ಬೆಲೆ ಇರುವುದು ಜಾಗ, ಯಂತ್ರ, ದಾಸ್ತಾನಿನಲ್ಲಿ. ಕೋರ್ಟಿಗೆ ಹೋದರೂ, ಹಿರಿಯರ ಮುಂದೆ ಕೂತು ಬಗೆಹರಿಸಿಕೊಂಡರೂ ಈ ವ್ಯತ್ಯಾಸ ಮರೆತರೆ ಒಬ್ಬರಿಗೆ ಖಂಡಿತ ಅನ್ಯಾಯವಾಗುತ್ತದೆ.

ಮೊದಲು ಯಾವ ದಿನದ ಬೆಲೆ ಕಟ್ಟಬೇಕೆಂಬ ತಾರೀಖು ಗೊತ್ತುಮಾಡಿ. ಸುಗ್ಗಿ ಮುಗಿದ ಹೊಸತರಲ್ಲಿ ಗಿರಣಿಯ ಗೋದಾಮು ತುಂಬಿರುತ್ತದೆ, ದಾಸ್ತಾನಿನ ಮೇಲೆ ಪಡೆಯುವ ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲವೂ ಏರಿರುತ್ತದೆ. ಮೂರು ತಿಂಗಳ ನಂತರ ಎರಡೂ ಇಳಿದಿರುತ್ತವೆ. ಅವಧಿ ನಿಗದಿಯಿಲ್ಲದ ಪಾಲುದಾರಿಕೆಯನ್ನು 1932ರ ಪಾಲುದಾರಿಕೆ ಕಾಯ್ದೆಯ 43ನೇ ಕಲಮಿನಂತೆ ಲಿಖಿತ ನೋಟಿಸ್ ಕೊಟ್ಟು ಮುರಿಯಬಹುದು. ನೋಟಿಸಿನಲ್ಲಿ ಬರೆದ ದಿನವೇ ವಿಸರ್ಜನೆಯ ದಿನ. ದಿನ ಬರೆದಿಲ್ಲದಿದ್ದರೆ ನೋಟಿಸ್ ತಲುಪಿದ ದಿನ. ಆದ್ದರಿಂದ ನೋಟಿಸನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ತಲುಪಿದ ಸ್ವೀಕೃತಿಯನ್ನು ಜೋಪಾನ ಮಾಡಿ.

ಆಮೇಲೆ ಪಾಲುದಾರಿಕೆ ಪತ್ರ ಓದಿ. ಪುಸ್ತಕದ ಬೆಲೆಗೇ, ಅಂದರೆ ಲೆಕ್ಕದ ಪುಸ್ತಕದಲ್ಲಿ ಆಸ್ತಿಗೆ ಬರೆದಿರುವ ಬೆಲೆಗೇ, ಲೆಕ್ಕ ತೀರಿಸಬೇಕೆಂದು ಅದರಲ್ಲಿ ಬರೆದಿದ್ದರೆ ಅದಕ್ಕೆ ತೂಕವಿದೆ. ಆದರೆ ಒಬ್ಬರು ನಿವೃತ್ತರಾದಾಗಿನ ಷರತ್ತು ಇಡೀ ಫರ್ಮು ವಿಸರ್ಜನೆಯಾದಾಗಲೂ ತಾನಾಗಿ ನಡೆಯುತ್ತದೆಂದು ನಂಬಬೇಡಿ. ಫರ್ಮು ನೋಂದಣಿಯಾಗಿಲ್ಲ ಎಂದು ಕೈಚೆಲ್ಲುವವರೂ ಇದ್ದಾರೆ. ನೋಂದಣಿಯಿಲ್ಲದಿದ್ದರೆ ದಾವೆ ಹೂಡದಂತೆ ತಡೆಯುವ 69ನೇ ಕಲಮಿನ ನಿರ್ಬಂಧ ವಿಸರ್ಜನೆಯ ದಾವೆಗೂ ವಿಸರ್ಜಿತ ಫರ್ಮಿನ ಲೆಕ್ಕ ಕೇಳುವ ದಾವೆಗೂ ಇಲ್ಲ.

ಈಗ ನಿಜವಾದ ಕೆಲಸ, ಲಾಭವನ್ನು ಹಸನು ಮಾಡುವುದು. ಹೋಟೆಲಿನ ಒಂದು ಕಾಲ್ಪನಿಕ ಲೆಕ್ಕ ನೋಡಿ. ಇಬ್ಬರು ಸಮಪಾಲಿನ ಪಾಲುದಾರರು, ಪುಸ್ತಕದಲ್ಲಿ ವರ್ಷದ ನಿವ್ವಳ ಲಾಭ ₹12,00,000. ಮನೆಗೆ ಹೋದ ಸಿಲಿಂಡರು, ಮನೆಯ ಬೈಕಿನ ಪೆಟ್ರೋಲು ಹೋಟೆಲ್ ಖರ್ಚಿಗೆ ಸೇರಿವೆ. ಆ ₹60,000 ಕೂಡಿಸಿ. ಆ ವರ್ಷ ಒಮ್ಮೆ ಮಾತ್ರ ಮಾಡಿಸಿದ ಚಾವಣಿ ರಿಪೇರಿ ₹1,40,000, ಅದನ್ನೂ ಕೂಡಿಸಿ. ಒಬ್ಬ ಪಾಲುದಾರ ಸಂಬಳವಿಲ್ಲದೆ ಬೆಳಗಿನಿಂದ ಗಲ್ಲಾದಲ್ಲಿ ಕೂರುತ್ತಾನೆ. ಅವನ ಬದಲು ಮ್ಯಾನೇಜರ್ ಇಟ್ಟರೆ ತಿಂಗಳಿಗೆ ₹30,000. ವರ್ಷಕ್ಕೆ ₹3,60,000 ಕಳೆಯಿರಿ. ಕಟ್ಟಡ ಇನ್ನೊಬ್ಬನ ಸ್ವಂತದ್ದು, ಬಾಡಿಗೆ ತೆಗೆದುಕೊಂಡಿಲ್ಲ. ಅಕ್ಕಪಕ್ಕದ ಮಳಿಗೆಯ ದರದಂತೆ ತಿಂಗಳಿಗೆ ₹20,000 ಹಿಡಿದು ₹2,40,000 ಕಳೆಯಿರಿ. ಉಳಿದ ನಿಜ ಲಾಭ ₹8,00,000.

ಹೋಟೆಲಿನ ಸಾಲ ಕಳೆದ ಆಸ್ತಿ ₹10,00,000 ಎಂದುಕೊಳ್ಳಿ. ಅಷ್ಟು ಹಣಕ್ಕೆ ಇಂಥ ಧಂದೆಯಲ್ಲಿ ಶೇ. 15ರಂತೆ ₹1,50,000 ಸಹಜವಾಗಿ ದುಡಿಯುತ್ತದೆ. ಮಿಕ್ಕ ₹6,50,000 ಹೆಸರಿನಿಂದ ಬಂದ ಅಧಿಕ ಲಾಭ. ಅದರ 3 ವರ್ಷದ ಮೊತ್ತ ₹19,50,000 ಹೆಸರಿನ ಬೆಲೆ, ಅಂದರೆ ಗುಡ್‌ವಿಲ್. ಆಸ್ತಿ ಸೇರಿಸಿದರೆ ₹29,50,000, ಅರ್ಧ ಪಾಲು ₹14,75,000. ಅದೇ ₹8,00,000 ಲಾಭವನ್ನು ಶೇ. 20ರಲ್ಲಿ ಬಂಡವಾಳೀಕರಿಸಿದರೆ, ಅಂದರೆ ಶೇ. 20ರಂತೆ ಅಷ್ಟು ಲಾಭ ತರಲು ಎಷ್ಟು ಬಂಡವಾಳ ಬೇಕೆಂದು ಲೆಕ್ಕ ಹಾಕಿದರೆ, ಒಟ್ಟು ₹40,00,000, ಶೇ. 25ರಲ್ಲಿ ₹32,00,000. ಶೇಕಡ 5ರ ವ್ಯತ್ಯಾಸಕ್ಕೆ ₹8,00,000 ಹೋಯಿತು. ಪಾಟೀಸವಾಲಿನಲ್ಲಿ ತಜ್ಞರ ವರದಿ ಬಿದ್ದುಹೋಗುವುದು ಇಲ್ಲೇ: ಈ ದರ ಯಾಕೆ, 3 ವರ್ಷವೇ ಯಾಕೆ ಎಂಬುದಕ್ಕೆ ಕಾರಣ ಬರೆದಿರುವುದಿಲ್ಲ. ಒಂದೇ ವರ್ಷದ ಲಾಭ ಹಿಡಿಯುವುದೂ ತಪ್ಪು. ಮೂರರಿಂದ ಐದು ವರ್ಷದ ಸರಾಸರಿ ತೆಗೆಯಿರಿ, ಕೋವಿಡ್ ಕಾಲದ ವರ್ಷಗಳನ್ನು ಬೇರೆಯಾಗಿಯೇ ತೋರಿಸಿ. ಗಿರಾಕಿ ಬರುವುದು ಹೋಟೆಲಿನ ಹೆಸರಿಗೋ ಒಬ್ಬ ಭಟ್ಟರ ಕೈರುಚಿಗೋ ಎಂದೂ ಕೇಳಿಕೊಳ್ಳಿ. ಭಟ್ಟರು ಹೊರಟರೆ ಕರಗುವ ಹೆಸರಿಗೆ 3 ವರ್ಷದ ಲೆಕ್ಕ ಹೆಚ್ಚಾಯಿತು.

ಗಿರಣಿಯಲ್ಲಿ ಪುಸ್ತಕದ ಬೆಲೆ ಮೋಸ ಮಾಡುತ್ತದೆ. ಒಂದು ಕೋಟಿಯ ಯಂತ್ರಕ್ಕೆ ಆದಾಯ ತೆರಿಗೆಯ ಲೆಕ್ಕದಲ್ಲಿ ವರ್ಷಕ್ಕೆ ಶೇ. 15 ಸವಕಳಿ ಹಾಕುತ್ತ ಹೋದರೆ ಹತ್ತು ವರ್ಷಕ್ಕೆ 20 ಲಕ್ಷಕ್ಕಿಂತ ಕೆಳಗಿಳಿಯುತ್ತದೆ, ಯಂತ್ರ ಮಾತ್ರ ಓಡುತ್ತಲೇ ಇರುತ್ತದೆ. ಜಾಗ ಎಂದೋ ಕೊಂಡ ಬೆಲೆಯಲ್ಲೇ ನಿಂತಿರುತ್ತದೆ. ಜಾಗಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರವೊಂದನ್ನೇ ನಂಬದೆ ಹತ್ತಿರದ ಕ್ರಯಪತ್ರಗಳನ್ನು ತೆಗೆಸಿ. ಯಂತ್ರಕ್ಕೆ ಯಂತ್ರ ಬಲ್ಲ ಮೌಲ್ಯಮಾಪಕರೇ ಬೇಕು.

ಮುಚ್ಚಿಟ್ಟ ವ್ಯಾಪಾರ ಹಿಡಿಯಲು ಸರಕಿನ ತಾಳೆ ನೋಡಬೇಕು. ಸರ್ಕಾರಿ ಮಿಲ್ಲಿಂಗ್ ಲೆಕ್ಕದಲ್ಲಿ 100 ಕೆಜಿ ಭತ್ತಕ್ಕೆ 67 ಕೆಜಿ ಹಸಿ (ಭತ್ತ ಕುದಿಸದೆ ಮಾಡಿದ) ಅಕ್ಕಿ. ಕೊಂಡ ಭತ್ತ, ಮಾರಿದ ಅಕ್ಕಿ, ಕರೆಂಟ್ ಬಿಲ್ಲು ಮೂರನ್ನೂ ಪಕ್ಕಪಕ್ಕ ಇಡಿ. ತೌಡು, ಹೊಟ್ಟಿನ ಮಾರಾಟ ಪುಸ್ತಕದಲ್ಲಿ ಇಲ್ಲವೇ ಇಲ್ಲ ಎಂದರೆ ಅನುಮಾನಕ್ಕೆ ಕಾರಣವಿದೆ. ಸಿಸಿ ಸಾಲಕ್ಕಾಗಿ ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟ್ ಇನ್ನೂ ದೊಡ್ಡ ಸಾಕ್ಷಿ: ಅಲ್ಲಿ ಹೆಚ್ಚು, ತೆರಿಗೆ ರಿಟರ್ನಿನಲ್ಲಿ ಕಡಿಮೆ ತೋರಿಸಿದ್ದರೆ ಉತ್ತರ ಕಷ್ಟ. ರಿಟರ್ನಿಗೆ ನೀವೂ ಒಪ್ಪಿ ಸಹಿ ಹಾಕಿದ್ದರೆ ಪ್ರಶ್ನೆ ನಿಮಗೂ ತಿರುಗುತ್ತದೆ. ಹೋಟೆಲಿಗೆ ಬೆಣ್ಣೆ ಖರೀದಿ, 19 ಕೆಜಿ ಸಿಲಿಂಡರುಗಳ ಎಣಿಕೆ, ಯುಪಿಐ ಜಮೆ ಸಾಕು. ಮೂರು ವರ್ಷ ದಾಟಿದ, ಕಾಗದವಿಲ್ಲದ ಬಾಕಿಯನ್ನು ಪೂರ್ತಿ ಆಸ್ತಿಯೆಂದು ಎಣಿಸಬೇಡಿ.

ಕೋರ್ಟಿನಲ್ಲಿ ಮೊದಲು ಪ್ರಾಥಮಿಕ ಡಿಕ್ರಿ: ಯಾರ ಪಾಲು ಎಷ್ಟು, ವಿಸರ್ಜನೆ ಯಾವ ದಿನದಿಂದ. ನಂತರ ಲೆಕ್ಕ ತೆಗೆಯಲು ಕಮಿಷನರ್ ನೇಮಕ. ಅವರು ಏನೇನು ಪರಿಶೀಲಿಸಬೇಕೆಂದು ಆದೇಶದಲ್ಲೇ ಬರೆಸಿ, ಇಲ್ಲದಿದ್ದರೆ ಗುಡ್‌ವಿಲ್ ಬಿಟ್ಟು ವರದಿ ಬಂದೀತು. ವರದಿಗೆ ಆಕ್ಷೇಪಣೆಯನ್ನು ಬಾಬುವಾರು, ಅಂಕಿ ಸಮೇತ ಹಾಕಿ. "ವರದಿ ಏಕಪಕ್ಷೀಯ" ಎಂಬ ಒಂದು ಸಾಲಿನಿಂದ ಏನೂ ಕದಲುವುದಿಲ್ಲ. ಹಂಚಿಕೆಗೆ 48ನೇ ಕಲಮಿನ ಸರದಿಯಿದೆ: ಹೊರಗಿನವರ ಸಾಲ ಮೊದಲು, ಪಾಲುದಾರರು ಕೊಟ್ಟ ಮುಂಗಡ ಆಮೇಲೆ, ಅನಂತರ ಬಂಡವಾಳ, ಉಳಿದದ್ದು ಲಾಭದ ಪಾಲಿನಂತೆ.

ಲೆಕ್ಕ ತೀರಿಸದೆ ಉಳಿದವರು ವ್ಯಾಪಾರ ನಡೆಸುತ್ತಿದ್ದರೆ, ಬೇರೆ ಕರಾರಿಲ್ಲದಾಗ, 37ನೇ ಕಲಮು ಹೊರಹೋದವರಿಗೆ ಆಯ್ಕೆ ಕೊಡುತ್ತದೆ: ತಮ್ಮ ಪಾಲಿನ ಆಸ್ತಿ ಬಳಸಿ ಬಂದ ಲಾಭ, ಇಲ್ಲವೇ ಪಾಲಿನ ಮೊತ್ತಕ್ಕೆ ವರ್ಷಕ್ಕೆ ಶೇ. 6 ಬಡ್ಡಿ. ಹೋಟೆಲ್ ಚೆನ್ನಾಗಿ ನಡೆಯುತ್ತಿದ್ದರೆ ಲಾಭ ಕೇಳುವುದೇ ಮೇಲು, ಆದರೆ ಅದಕ್ಕೆ ನೀವು ಹೊರಬಂದ ಮೇಲಿನ ಲೆಕ್ಕದ ಪುಸ್ತಕಗಳೂ ಬೇಕು. ವಿಸರ್ಜನೆಯಾದ ದಿನದಿಂದ 3 ವರ್ಷದೊಳಗೆ ಲೆಕ್ಕದ ದಾವೆ ಹೂಡಬೇಕು. ಮನೆಮಂದಿ ಮಾತುಕತೆ ನಡೆಸುತ್ತಿದ್ದಾರೆ ಎಂದಷ್ಟಕ್ಕೇ ಆ ಗಡುವು ನಿಲ್ಲುವುದಿಲ್ಲ.