"ಬಿಳಿ ರಕ್ತ ಬೇಕಿತ್ತು" ಅಂದವರಿಗೆ ನಾನು ತೋರಿಸುವುದು

ಮಳೆ ಶುರುವಾಗಿ ಮಂಡ್ಯದಲ್ಲಿ ಡೆಂಗಿ ಜಾಸ್ತಿಯಾದರೆ ನಮ್ಮ ಬ್ಲಡ್ ಬ್ಯಾಂಕಿನ ಕಿಟಕಿಯಲ್ಲಿ ದಿನವೂ ಕೇಳುವ ಮಾತು ಇದೇ: "ಸಾರ್, ಬಿಳಿ ರಕ್ತ ಬೇಕಿತ್ತು." ಕೈಯಲ್ಲಿರುವ ಚೀಟಿಯಲ್ಲಿ ಡಾಕ್ಟರು ಬರೆದಿರುವುದು ಪ್ಲೇಟ್‌ಲೆಟ್ ಅಂತ, ಅಂದರೆ ರಕ್ತ ಸೋರುವ ಕಡೆ ಅಂಟಿಕೊಂಡು ತಡೆಯುವ ಸಣ್ಣ ಕಣ. ನಮ್ಮ ಕಡೆ ಅದನ್ನೇ ಬಿಳಿ ರಕ್ತ, ಬಿಳಿ ರಕ್ತಕಣ ಅನ್ನುತ್ತಾರೆ. ಚಿಕ್ಕಂದಿನಿಂದ ನಾನೂ ಹಾಗೇ ಅಂದುಕೊಂಡಿದ್ದೆ. ಟೆಕ್ನಿಷಿಯನ್ ಓದುವಾಗ ಎರಡೂ ಬೇರೆ ಅಂತ ಬರೆದು ಪಾಸಾದೆ. ಆದರೆ ಅದು ಮನಸ್ಸಿಗೆ ಇಳಿದದ್ದು ರಕ್ತದ ಚೀಲವನ್ನು ಕೈಯಾರೆ ಬಿಡಿಸಿ ಒಳಗಿನ ಭಾಗಗಳನ್ನು ಬೇರೆ ಬೇರೆ ಮಾಡಿದ ಮೇಲೆ.

ಕೆಲಸ ಶುರುವಾಗುವುದು ಕ್ಯಾಂಪಿನಲ್ಲೇ. ದಾನಿಯ ತೂಕ, ಹಿಮೋಗ್ಲೋಬಿನ್ ನೋಡುತ್ತೇವೆ. ನಾನು ತಪ್ಪದೆ ಕೇಳುವ ಇನ್ನೊಂದು ಪ್ರಶ್ನೆ ಇದೆ: "ಮೂರು ದಿನದೊಳಗೆ ಆಸ್ಪಿರಿನ್ ಮಾತ್ರೆ ತಗೊಂಡಿದ್ದೀರಾ ಅಣ್ಣ?" ಹೌದು ಅಂದರೆ ಆ ಚೀಲದ ಕೆಂಪು ಕಣ ಬಳಸಬಹುದು, ಪ್ಲೇಟ್‌ಲೆಟ್ ಮಾತ್ರ ತೆಗೆಯುವುದಿಲ್ಲ. ಒಂದು ಸಲ ಆಸ್ಪಿರಿನ್ ತಾಗಿದ ಪ್ಲೇಟ್‌ಲೆಟ್ ಮತ್ತೆ ಸರಿಹೋಗುವುದಿಲ್ಲ. ಅದು ಬದುಕುವುದೇ ಏಳರಿಂದ ಹತ್ತು ದಿನ. ಅಷ್ಟೂ ದಿನ ಸರಿಯಾಗಿ ಅಂಟಿಕೊಳ್ಳದೆ ಸುಮ್ನೆ ತಿರುಗುತ್ತಿರುತ್ತದೆ.

ಊಟದ ವಿಷಯವೂ ಅಷ್ಟೇ ಮುಖ್ಯ. ಒಮ್ಮೆ ಮದ್ದೂರು ಕಡೆಯ ಹಳ್ಳಿಯೊಂದರಲ್ಲಿ ಕ್ಯಾಂಪ್ ಇತ್ತು. ಹತ್ತಿರದಲ್ಲೇ ಬಾಡೂಟ. ಊಟ ಮುಗಿಸಿ ಬಂದು ಕೆಲವರು ಪ್ರೀತಿಯಿಂದ ರಕ್ತ ಕೊಟ್ಟರು. ಚೀಲ ಬಿಡಿಸಿದರೆ ತಿಳಿ ಹಳದಿ ಇರಬೇಕಾದ ಪ್ಲಾಸ್ಮಾ, ಅಂದರೆ ಕಣಗಳು ತೇಲುವ ರಕ್ತದ ನೀರು, ಹಾಲಿನ ಹಾಗೆ ಬೆಳ್ಳಗಿತ್ತು. ಊಟದ ಕೊಬ್ಬು ರಕ್ತಕ್ಕೆ ಇಳಿದಿತ್ತು. ಅಂಥ ಪ್ಲಾಸ್ಮಾ ಬಳಸಲಾಗುವುದಿಲ್ಲ. ಆಮೇಲೆ ಕ್ಯಾಂಪಿಗೆ ಮುಂಚೆಯೇ ಫೋನ್ ಮಾಡಿ ಹೇಳುತ್ತೇನೆ: ಹಸಿದುಕೊಂಡು ಬರಬೇಡಿ, ಇಡ್ಲಿನೋ ಮುದ್ದೆನೋ ತಿಂದು ಬನ್ನಿ, ಬಾಡೂಟ ರಕ್ತ ಕೊಟ್ಟ ಮೇಲೆ ಇಟ್ಟುಕೊಳ್ಳಿ.

ಪ್ಲೇಟ್‌ಲೆಟ್ ಬೇಕಿರುವ ಚೀಲವನ್ನು ಫ್ರಿಜ್ಜಿಗೆ ಹಾಕುವಂತಿಲ್ಲ. ರಕ್ತ ತೆಗೆದ ಆರು ಗಂಟೆಯೊಳಗೆ ಸೆಂಟ್ರಿಫ್ಯೂಜ್ ಅನ್ನೋ ಗಿರಗಿರ ಸುತ್ತುವ ಮಿಷನ್‌ನಲ್ಲಿ ತಿರುಗಿಸಬೇಕು. ಚೀಲ ಇಡುವ ಎದುರುಬದುರಿನ ಎರಡು ಬಟ್ಟಲುಗಳ ತೂಕ ಸಮ ಇರಬೇಕು, ಇಲ್ಲದಿದ್ದರೆ ಮಿಷನ್ ಅದುರುತ್ತದೆ. ಮೊದಲ ಸುತ್ತು ಮೆಲ್ಲಗೆ. ಭಾರದ ಕೆಂಪು ಕಣಗಳು ತಳಕ್ಕೆ ಇಳಿಯುತ್ತವೆ. ಪ್ಲೇಟ್‌ಲೆಟ್‌ಗಳು ಹಗುರ, ಹೆಚ್ಚಿನವು ಮೇಲಿನ ಪ್ಲಾಸ್ಮಾದಲ್ಲೇ ಉಳಿಯುತ್ತವೆ. ನಡುವೆ ಕೆನೆಯಂಥ ತೆಳು ಪದರ. ನಿಜವಾದ ಬಿಳಿ ರಕ್ತಕಣಗಳು ಹೆಚ್ಚಾಗಿ ಇರುವುದು ಅಲ್ಲಿ.

ಈ ಬಿಳಿ ಕಣಗಳು ನಮ್ಮ ಮೈಯಲ್ಲಿ ರೋಗಾಣುಗಳ ಜೊತೆ ಹೋರಾಡುತ್ತವೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇವು ಸುಮಾರು 4,000ದಿಂದ 11,000. ಪ್ಲೇಟ್‌ಲೆಟ್ ಆದರೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ. ಇನ್ನೊಬ್ಬರ ಬಿಳಿ ಕಣ ಸಾಮಾನ್ಯವಾಗಿ ಯಾರಿಗೂ ಬೇಡ. ರಕ್ತ ಹಾಕಿಸಿಕೊಂಡವರಿಗೆ ಚಳಿಜ್ವರ ಬರಲು ಅವೂ ಒಂದು ಕಾರಣ. ತಲಸ್ಸೇಮಿಯಾ, ಅಂದರೆ ಹುಟ್ಟಿನಿಂದಲೇ ಮೈಯಲ್ಲಿ ಸರಿಯಾಗಿ ರಕ್ತ ಆಗದ ಕಾಯಿಲೆ, ಇರುವ ಮಕ್ಕಳಿಗೆ ಮೇಲಿಂದ ಮೇಲೆ ರಕ್ತ ಹಾಕಬೇಕಲ್ವಾ, ಅವರಿಗೆ ಫಿಲ್ಟರ್ ಇಟ್ಟು ಬಿಳಿ ಕಣ ತಡೆಯುತ್ತಾರೆ. ಜನ ಬಾಯಲ್ಲಿ ಕೇಳುವುದು ಇದರ ಹೆಸರು, ಅವರಿಗೆ ಬೇಕಿರುವುದು ಇನ್ನೊಂದು.

ಸೇರಿದ ಹೊಸದರಲ್ಲಿ ಬಟ್ಟಲಿನಿಂದ ಚೀಲವನ್ನು ಅವಸರದಲ್ಲಿ ಎತ್ತಿಬಿಟ್ಟೆ. ಪದರ ಕದಡಿತು. ಮೇಲಿನ ಪ್ಲಾಸ್ಮಾವನ್ನು ಇನ್ನೊಂದು ಚೀಲಕ್ಕೆ ಕಳಿಸಲು ಒತ್ತುವಾಗ ಪ್ಲೇಟ್‌ಲೆಟ್ ಹೋಗಬೇಕಾದ ಆ ಚೀಲಕ್ಕೆ ಕೆಂಪು ಇಳಿಯಿತು, ಅದು ಉಪಯೋಗಕ್ಕೆ ಬರಲಿಲ್ಲ. ಯಾರೋ ಕೂಲಿ ಬಿಟ್ಟು ಬಂದು ಕೊಟ್ಟ ರಕ್ತ. ಆ ದಿನ ಊಟ ಸೇರಲಿಲ್ಲ. ಈಗಲೂ ಚೀಲ ಎತ್ತುವಾಗ ಉಸಿರು ಬಿಗಿಹಿಡಿಯುತ್ತೇನೆ.

ಪ್ಲಾಸ್ಮಾ ಬೇರೆಯಾದ ಮೇಲೆ ಕೆಂಪು ಕಣಕ್ಕೆ ಅದನ್ನು ಕಾಪಾಡುವ ದ್ರವ ಬೆರೆಸಿ 2ರಿಂದ 6 ಡಿಗ್ರಿ ತಂಪಿನಲ್ಲಿ ಇಡುತ್ತೇವೆ. 42 ದಿನ ಇರುತ್ತದೆ. ಮೈಯೆಲ್ಲ ಆಮ್ಲಜನಕ ಹೊರುವುದು ಇದೇ. ಹೆರಿಗೆಯಲ್ಲಿ ರಕ್ತ ಹೋದವರಿಗೆ, ರಕ್ತ ತೀರಾ ಕಮ್ಮಿ ಇರುವವರಿಗೆ ಕೊಡುತ್ತಾರೆ. ತೆಗೆದ ಪ್ಲಾಸ್ಮಾವನ್ನು ಎರಡನೇ ಸಲ ಜೋರಾಗಿ ತಿರುಗಿಸಿದರೆ ಪ್ಲೇಟ್‌ಲೆಟ್ ತಳ ಹಿಡಿಯುತ್ತದೆ. ಅದರ ಜೊತೆ ಸ್ವಲ್ಪವೇ ಪ್ಲಾಸ್ಮಾ ಬಿಟ್ಟು ಉಳಿದದ್ದನ್ನು ಮೈನಸ್ 30 ಡಿಗ್ರಿಯಲ್ಲಿ ಗಟ್ಟಿ ಮಾಡಿದರೆ ಒಂದು ವರ್ಷ ಇಡಬಹುದು. ಪ್ಲಾಸ್ಮಾದಲ್ಲಿ ನೀರೇ ಜಾಸ್ತಿ, ಆದರೆ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳು ಇರುವುದು ಅದರಲ್ಲೇ. ಅವುಗಳಲ್ಲಿ ಹೆಚ್ಚಿನವನ್ನು ಮಾಡುವುದು ಲಿವರ್. ಅದಕ್ಕೇ ಲಿವರ್ ಕೆಟ್ಟು ರಕ್ತ ಸೋರುವವರಿಗೆ ಪ್ಲಾಸ್ಮಾ ಬರೆಯುತ್ತಾರೆ.

ಪ್ಲೇಟ್‌ಲೆಟ್ ಮಾತ್ರ ಕೈಗೂಸು. 20ರಿಂದ 24 ಡಿಗ್ರಿಯಲ್ಲಿ, ಹಗಲು ರಾತ್ರಿ ತೂಗುವ ತಟ್ಟೆಯ ಮೇಲೆ ಇರಬೇಕು. ಅಷ್ಟು ನೋಡಿಕೊಂಡರೂ ಐದೇ ದಿನ. ಒಮ್ಮೆ ದೂರದ ನರ್ಸಿಂಗ್ ಹೋಮ್ ಒಂದರಿಂದ ಬಂದವರು ಅದನ್ನು ಐಸ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೋದರು ಅಂತ ಆಮೇಲೆ ತಿಳಿಯಿತು. ಚಳಿ ತಾಗಿದರೆ ತಟ್ಟೆಯಂತೆ ಇರುವ ಕಣ ಉಂಡೆಯಾಗುತ್ತದೆ. ಅದನ್ನು ಮೈ ಬೇಗ ಹೊರಗೆ ಹಾಕುತ್ತದೆ.

ಅದಕ್ಕೇ ಈಗ ಚೀಲ ಕೊಡುವ ಮೊದಲು ಮನೆಯವರನ್ನು ಟ್ಯೂಬ್‌ಲೈಟ್ ಹತ್ತಿರ ಕರೆಯುತ್ತೇನೆ. ಕಳೆದ ಮಳೆಗಾಲದಲ್ಲಿ ಒಬ್ಬ ತಂದೆ ಬಂದಿದ್ದರು, ಮಗಳಿಗೆ ಡೆಂಗಿ, ಒಸಡಿನಲ್ಲಿ ರಕ್ತ. ಚೀಲವನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಿದೆ. ಒಳಗೆ ರೇಷ್ಮೆ ಎಳೆ ಸುಳಿದಂತೆ ಮಿನುಗಿತು. ಚೆನ್ನಾಗಿರುವ ಪ್ಲೇಟ್‌ಲೆಟ್ ಹಾಗೆ ಮಿನುಗುತ್ತದೆ.

"ಬೆಳ್ಳಗಿಲ್ವಲ್ಲ ಸಾರ್, ಹಳದಿ ಅದೆ?" ಅಂದರು.

"ಇದು ಬಿಳಿ ಕಣ ಅಲ್ಲ ಅಣ್ಣ, ಪ್ಲೇಟ್‌ಲೆಟ್. ರಕ್ತ ಸೋರುವ ಕಡೆ ಹೋಗಿ ಅಂಟಿಕೊಂಡು ತೂತು ಮುಚ್ಚುತ್ತೆ. ಐಸ್ ಬೇಡ, ಫ್ರಿಜ್ ಬೇಡ. ನೇರ ವಾರ್ಡಿಗೆ ಕೊಡಿ, ತಕ್ಷಣ ಹಾಕ್ಲಿ."

ಅವರು ಹೆಗಲ ಮೇಲಿನ ಟವೆಲ್ ತೆಗೆದು ಚೀಲವನ್ನು ಸಡಿಲವಾಗಿ ಸುತ್ತಿ ಎರಡೂ ಕೈಯಲ್ಲಿ ಹಿಡಿದುಕೊಂಡರು. "ಪ್ಲೇಟ್‌ಲೆಟ್ಟು, ಪ್ಲೇಟ್‌ಲೆಟ್ಟು" ಅಂತ ಬಾಯಲ್ಲಿ ಹೇಳಿಕೊಳ್ಳುತ್ತಾ ಮೆಟ್ಟಿಲು ಇಳಿದರು.