ಒರತೆ ನೀರು ನಲ್ಲಿಗೆ: ಅಳತೆ ಮೇ ತಿಂಗಳಲ್ಲೇ ಆಗಲಿ

ಖಾನಾಪುರ ತಾಲ್ಲೂಕಿನ ಕಣಕುಂಬಿ, ಜಾಂಬೋಟಿ ಸುತ್ತಿನ ಕಾಡಂಚಿನ ಊರುಗಳಿಗೆ ಮಳೆಯ ಕೊರತೆಯಿಲ್ಲ; ಮಲಪ್ರಭೆ ಹುಟ್ಟುವುದೇ ಇಲ್ಲಿ. ಆದರೆ ಮಳೆಗಾಲದ ನೀರು ನಂಬಿ ಹಾಕಿದ ಯೋಜನೆ ಬೇಸಿಗೆಗೆ ಕೈ ಕೊಡುತ್ತದೆ. ಊರಿಗಿಂತ ಎತ್ತರದಲ್ಲಿ ಬತ್ತದ ಒರತೆ ಇದ್ದರೆ ಮೋಟರ್ ಬೇಡ, ಇಳಿಜಾರೇ ಸಾಕು. ಗಾಳಿಮಳೆಗೆ ಕರೆಂಟ್ ಹೋಗುವ ಊರಿಗೆ ಇದೇ ಒಳ್ಳೆಯ ದಾರಿ.

ಮೊದಲು ಅಳತೆ. ಏಪ್ರಿಲ್ ಕೊನೆಯಿಂದ ಮೊದಲ ದೊಡ್ಡ ಮಳೆಯವರೆಗೆ ವಾರಕ್ಕೊಮ್ಮೆ ಹರಿವನ್ನೆಲ್ಲ ಒಂದೇ ಪೈಪಿಗೆ ತಿರುಗಿಸಿ, 20 ಲೀಟರಿನ ಬಕೆಟ್ ಹಿಡಿಯಿರಿ. ತುಂಬಲು ಎಷ್ಟು ಸೆಕೆಂಡ್ ಬೇಕೆಂದು ಮೂರು ಸಲ ನೋಡಿ ಬರೆದಿಡಿ. 100 ಸೆಕೆಂಡ್ ಹಿಡಿದರೆ ದಿನಕ್ಕೆ 17,280 ಲೀಟರ್ ಸಿಕ್ಕಂತೆ.

ಈಗ ಬೇಡಿಕೆ. 40 ಮನೆ, 200 ಜನರ ಊರು ಎಂದುಕೊಳ್ಳಿ. ಮನೆಮನೆಗೆ ನಲ್ಲಿ ನೀರು ಕೊಡುವ ಸರ್ಕಾರಿ ಯೋಜನೆ ಜಲ ಜೀವನ ಮಿಷನ್‌ನ ಮಾನದಂಡ ತಲೆಗೆ ದಿನಕ್ಕೆ 55 ಲೀಟರ್. ಮುಂದೆ 270 ಜನ ಆಗಬಹುದೆಂದರೆ 14,850 ಲೀಟರ್, ಸೋರಿಕೆಗೆ ಶೇ 15 ಸೇರಿಸಿದರೆ ಸುಮಾರು 17,100. ಒರತೆ ಅಷ್ಟಕ್ಕಷ್ಟೇ ಸಾಲುತ್ತದೆ. ಎಮ್ಮೆ, ದನಗಳ ಪಾಲು ಇದರಲ್ಲಿಲ್ಲ. ಎರಡನೇ ಒರತೆ ಹುಡುಕಿಟ್ಟುಕೊಳ್ಳಲೇಬೇಕು. ಒರತೆ ರಾತ್ರಿಯೂ ಹರಿಯುತ್ತದೆ, ಜನ ನೀರು ಹಿಡಿಯುವುದು ಬೆಳಿಗ್ಗೆ, ಸಂಜೆ. ಹಾಗಾಗಿ 10,000 ಲೀಟರಿನ ಟಾಕಿ ಬೇಕು.

ಒರತೆಗೆ ತೊಟ್ಟಿ ಕಟ್ಟುವಾಗ ಗೌಂಡಿಯ ಪಕ್ಕದಲ್ಲೇ ನಿಲ್ಲಿ. ಹೆಚ್ಚು ನೀರು ನಿಲ್ಲಲಿ ಎಂದು ಗೋಡೆ ಎತ್ತರಿಸಿ ಸೆಲೆಯ ಕಣ್ಣನ್ನೇ (ನೀರು ಹೊರಬರುವ ಬಾಯಿ) ಮುಳುಗಿಸಿದರೆ, ಹಿಂದೊತ್ತಡಕ್ಕೆ ನೀರು ಮಣ್ಣಿನೊಳಗೆ ಬೇರೆ ದಾರಿ ಹಿಡಿಯುತ್ತದೆ. ಒಮ್ಮೆ ಸರಿದ ಒರತೆ ಮತ್ತೆ ಅಲ್ಲಿಗೆ ಬರುವ ಭರವಸೆಯಿಲ್ಲ. ಆದ್ದರಿಂದ ಹೆಚ್ಚುವರಿ ನೀರಿನ ಪೈಪ್ ಕಣ್ಣಿಗಿಂತ ಕೆಳಗಿರಲಿ, ಅದರ ಬಾಯಿಗೆ ಜಾಲರಿ ಇರಲಿ. ಕಣ್ಣಿನ ಮುಂದೆ ತೊಳೆದ ಜಲ್ಲಿ ತುಂಬಿ, ಮುಚ್ಚಳಕ್ಕೆ ಬೀಗ ಹಾಕಿ. ಮೇಲ್ಭಾಗದಲ್ಲಿ ಸುಮಾರು 10 ಮೀಟರ್ ದೂರದಲ್ಲಿ ಕಾಲುವೆ ತೋಡಿ ಮಳೆನೀರು ತಿರುಗಿಸಿ. ಸುತ್ತ ಬೇಲಿ ಹಾಕಿ.

ಪೈಪ್ ದಾರಿಯ ಏರಿಳಿತವನ್ನು ಗೌಂಡಿಯ ಲೆವೆಲ್ ಪೈಪಿನಲ್ಲೇ (ನೀರು ತುಂಬಿದ ಪಾರದರ್ಶಕ ನಳಿಗೆ) ಅಳೆಯಬಹುದು. ಪ್ರತಿ 10 ಮೀಟರ್ ಇಳಿತಕ್ಕೆ ಸುಮಾರು ಚದರ ಸೆಂ.ಮೀ.ಗೆ 1 ಕೆ.ಜಿ. ಒತ್ತಡ. ಪಿಎನ್–6 ದರ್ಜೆಯ ಎಚ್‌ಡಿಪಿಇ ಪೈಪ್ ತಡೆಯುವುದು 60 ಮೀಟರ್ ಇಳಿತದ ಒತ್ತಡ ಮಾತ್ರ. ಇಳಿತ ಅದಕ್ಕಿಂತ ಹೆಚ್ಚಿದ್ದರೆ ನಡುವೆ ಒತ್ತಡ ಮುರಿಯುವ ತೊಟ್ಟಿ ಕಟ್ಟಿ; ನೀರು ಅಲ್ಲಿ ಗಾಳಿಗೆ ತೆರೆದುಕೊಂಡು ಒತ್ತಡ ಕಳೆದುಕೊಳ್ಳುತ್ತದೆ. ಉಬ್ಬಿದ ಕಡೆ ಏರ್ ವಾಲ್ವ್ ಹಾಕದಿದ್ದರೆ ಗಾಳಿ ಸಿಕ್ಕಿಕೊಂಡು, ಒರತೆ ತುಂಬಿ ಹರಿದರೂ ನಲ್ಲಿ ಒಣಗಿರುತ್ತದೆ. ತಗ್ಗಿನಲ್ಲಿ ಕೆಸರು ಬಿಡಲು ವಾಲ್ವ್ ಬೇಕು. ಪೈಪ್ ಮೂರು ಅಡಿ ಆಳದಲ್ಲಿರಲಿ.

ಜಾಗ ಅರಣ್ಯ ಇಲಾಖೆಯದಾದರೆ ಅರಣ್ಯ ಹಕ್ಕು ಕಾಯ್ದೆ, 2006ರ ಸೆಕ್ಷನ್ 3(2) ನೆರವಿಗೆ ಬರುತ್ತದೆ; ಕುಡಿಯುವ ನೀರಿನಂಥ ಊರ ಕೆಲಸಕ್ಕೆ ಅರಣ್ಯ ಜಾಗ ಪಡೆಯಲು ಅದರ ಷರತ್ತು ಇವು: 1 ಹೆಕ್ಟೇರ್‌ಗಿಂತ ಕಡಿಮೆ ಜಾಗ, ಕಡಿಯುವ ಮರ ಹೆಕ್ಟೇರಿಗೆ 75 ಮೀರಬಾರದು, ಗ್ರಾಮಸಭೆಯ ಶಿಫಾರಸು ಕಡ್ಡಾಯ. ಊರು ಭೀಮಗಡ ವನ್ಯಜೀವಿ ಧಾಮದೊಳಗಿದ್ದರೆ ವನ್ಯಜೀವಿ ಅಧಿಕಾರಿಗಳನ್ನು ಮೊದಲೇ ಕಾಣಿ.

ಹಣದ ಮಾತು. ಮಿಷನ್‌ನಲ್ಲಿ ಕೇಂದ್ರ, ರಾಜ್ಯದ ಪಾಲು ಅರ್ಧರ್ಧ. ಊರೊಳಗಿನ ಕಾಮಗಾರಿಗೆ ಜನರ ವಂತಿಗೆ ಶೇ 10. ಗುಡ್ಡಗಾಡು, ಅರಣ್ಯ ಪ್ರದೇಶಕ್ಕೆ ಶೇ 5. ಅಂದಾಜು 20 ಲಕ್ಷವಾದರೆ ಶೇ 5ರಂತೆ 1 ಲಕ್ಷ, ಅಂದರೆ ಮನೆಗೆ 2,500 ರೂಪಾಯಿ. ಕಾಲುವೆ ತೋಡಿದ ಶ್ರಮವನ್ನೂ ಇದರಲ್ಲಿ ಹಿಡಿಯಬಹುದು. ಹಾಜರಿ ಪುಸ್ತಕ ಇಡಿ.

ಕಟ್ಟುವ ಹಣಕ್ಕಿಂತ ನಡೆಸುವ ಹಣ ಕಷ್ಟ. ವರ್ಷಕ್ಕೆ ವಾಟರ್‌ಮನ್‌ಗೆ 36,000, ಬ್ಲೀಚಿಂಗ್ ಪುಡಿ, ಪರೀಕ್ಷೆಗೆ 4,000, ವಾಲ್ವ್, ನಲ್ಲಿ ರಿಪೇರಿಗೆ 14,000, ಆಪತ್ತಿಗೆ 18,000 ಇಟ್ಟರೆ ಒಟ್ಟು 72,000. 40 ಮನೆಗೆ ಹಂಚಿದರೆ ತಿಂಗಳಿಗೆ 150 ರೂಪಾಯಿ. ಈ ದರ ಗ್ರಾಮಸಭೆಯಲ್ಲಿ ಠರಾವಾಗಿ, ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಖಾತೆಗೆ ಮೊದಲ ತಿಂಗಳ ಹಣ ಬಿದ್ದ ಮೇಲೆಯೇ ಕಾಲುವೆಗೆ ಗುದ್ದಲಿ ಹಾಕಿ.