ಕೇಪ್‌ಗೆ ಹೊರಡುವ ಮುಂಚಿನ ಪತ್ರಗಳು

ಉಡುಪಿ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ದಕ್ಷಿಣದ ಅಗಸ್ತ್ಯ ನಕ್ಷತ್ರ, ತ್ರಿಶಂಕು ನಕ್ಷತ್ರಪುಂಜ ನಮಗೆ ಚೆನ್ನಾಗಿಯೇ ಕಾಣುತ್ತವೆ. ಹೆಸರಿಗೆ ಮೋಡವಾದರೂ ನಿಜಕ್ಕೆ ಪಕ್ಕದ ಗೆಲಾಕ್ಸಿಯಾದ ದೊಡ್ಡ ಮೆಗಲಾನಿಕ್ ಮೋಡ ಮಾತ್ರ ದಕ್ಷಿಣ ದಿಗಂತದಿಂದ ಏಳೆಂಟು ಡಿಗ್ರಿಗಿಂತ ಮೇಲೆ ಬರುವುದೇ ಇಲ್ಲ. ಕರಾವಳಿಯ ಮಬ್ಬು, ಊರಿನ ಲೈಟು ಸೇರಿ ಅದನ್ನೂ ನುಂಗಿಬಿಡುತ್ತವೆ. ಹಾಗಾಗಿ ದಕ್ಷಿಣ ಆಫ್ರಿಕಾದ ಕೇಪ್ ಸೀಮೆಯ ಸದರ್‌ಲ್ಯಾಂಡ್ ಅನ್ನುವ ಊರಿಗೆ ಹೋಗುವುದು ಅಂತ ತೀರ್ಮಾನಿಸಿದೆ. "ಅಲ್ಲಿ ಬೇರೆ ಆಕಾಶ ಉಂಟಾ ಮಾರಾಯ?" ಅಂದರು ಅಪ್ಪ. ಸ್ವಲ್ಪ ಬೇರೆ ಉಂಟು, ಉಳಿದದ್ದು ತಲೆಕೆಳಗೆ ಅಂದೆ.

ಟಿಕೆಟ್‌ಗಿಂತ ಮೊದಲು ಶುರುವಾದದ್ದು ಮೇಲ್ ಬರೆಯುವ ಕೆಲಸ. ದೂರದರ್ಶಕ ಇಟ್ಟುಕೊಂಡಿರುವ ಗೆಸ್ಟ್‌ಹೌಸ್‌ನವರಿಗೆ "ನಿಮ್ಮಲ್ಲಿ ಆಕಾಶ ಚೆನ್ನಾಗಿದೆಯಾ" ಅಂತ ಕೇಳಿದರೆ ಇಲ್ಲ ಅನ್ನುವವರು ಯಾರು? ಅದಕ್ಕೇ ನನಗೆ ಬೇಕಾದ್ದನ್ನು ಹೆಸರು ಹಿಡಿದು ಬರೆದೆ: ಮೆಗಲಾನಿಕ್ ಮೋಡ, ಈಟಾ ಕರೀನಾ ಅನ್ನುವ ನಕ್ಷತ್ರ, ಒಮೆಗಾ ಸೆಂಟಾರಿ ಅನ್ನುವ ನಕ್ಷತ್ರಗುಚ್ಛ, ಕ್ಷೀರಪಥದ ನಡು. ಇಷ್ಟೂ ಒಂದೇ ರಾತ್ರಿಯಲ್ಲಿ ಸಿಗಬೇಕು, ಏಪ್ರಿಲ್ ಅಮಾವಾಸ್ಯೆಗೆ ಬಂದರೆ ಆಗುತ್ತದಾ? ಉತ್ತರ ನೇರವಾಗಿ ಬಂತು. ಆಗುತ್ತದೆ. ಕತ್ತಲಾದ ಕೂಡಲೇ ಮೊದಲು ಮೋಡ ನೋಡಿ, ಅದು ಇಳಿಯುತ್ತಾ ಹೋಗುತ್ತದೆ. ನಡುರಾತ್ರಿಗೆ ಸೆಂಟಾರಿ ಎತ್ತರದಲ್ಲಿರುತ್ತದೆ. ಬೆಳಗಿನ ಜಾವ ಕ್ಷೀರಪಥದ ನಡು ನೆತ್ತಿಯ ಹತ್ತಿರ. ಜೂನ್‌ನಲ್ಲಿ ರಾತ್ರಿ ಉದ್ದ ನಿಜ, ಆದರೆ ನಡುರಾತ್ರಿ ಹೊತ್ತಿಗೆ ಮೋಡ ದಿಗಂತದ ಹತ್ತಿರ ಕೂತಿರುತ್ತದೆ. ಆ ಒಂದು ಮೇಲ್‌ನಿಂದ ತಿಂಗಳು ನಿರ್ಧಾರವಾಯಿತು.

ಮನೆಯ ದೊಡ್ಡ ದೂರದರ್ಶಕ ಒಯ್ಯಲಿಲ್ಲ. ಅಲ್ಲಿ ಅದಕ್ಕಿಂತ ದೊಡ್ಡದೇ ಇರುವಾಗ ಸುಮ್ನೆ ಭಾರ ಹೊರುವುದು ಯಾಕೆ? ಬೈನಾಕ್ಯುಲರ್, ಕ್ಯಾಮೆರಾ, ಆಕಾಶದ ಜೊತೆ ಕ್ಯಾಮೆರಾ ತಿರುಗಿಸುವ ಚಿಕ್ಕ ಟ್ರ್ಯಾಕರ್, ಅಷ್ಟೇ. ಆದರೆ ಜಾಸ್ತಿ ಪತ್ರ ಬರೆಸಿದ್ದು ಈ ಟ್ರ್ಯಾಕರೇ. ಅದರ ಅಕ್ಷ ಆಕಾಶದ ಧ್ರುವಕ್ಕೆ ಮುಖಮಾಡಬೇಕು. ಇಲ್ಲಿ ಧ್ರುವ ನಕ್ಷತ್ರ ಉಂಟು. ಅಲ್ಲಿ ದಕ್ಷಿಣ ಧ್ರುವದ ಹತ್ತಿರ ಇರುವುದು ಸಿಗ್ಮಾ ಆಕ್ಟಾಂಟಿಸ್. ಬರಿಗಣ್ಣಿಗೆ ಕಂಡೂ ಕಾಣದ ಹಾಗಿರುವ ಮಂಕು ಚುಕ್ಕಿ.

ಹಾಗಾದರೆ ಕಂಪಾಸ್ ನಂಬಬಹುದಾ ಅಂತ ಕೇಳಿದೆ. ಉಡುಪಿಯಲ್ಲಿ ಕಂಪಾಸ್ ಮುಳ್ಳು ನಿಜವಾದ ಉತ್ತರಕ್ಕೆ ಹೆಚ್ಚುಕಡಿಮೆ ಸರಿಯಾಗಿಯೇ ನಿಲ್ಲುತ್ತದೆ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅಲ್ಲಿ ಸುಮಾರು 25 ಡಿಗ್ರಿ ಪಶ್ಚಿಮಕ್ಕೆ ವಾಲುತ್ತದಂತೆ! ಅಂದರೆ ಮುಳ್ಳು ತೋರಿಸುವ ದಕ್ಷಿಣಕ್ಕೆ ಮುಖಮಾಡಿ ನಿಂತು, ಅಷ್ಟೇ ಡಿಗ್ರಿ ಬಲಕ್ಕೆ ತಿರುಗಬೇಕು. ಟ್ರ್ಯಾಕರ್‌ನ ಸ್ವಿಚ್ಚನ್ನೂ ದಕ್ಷಿಣಕ್ಕೆ ಹಾಕಬೇಕು, ಅಕ್ಷದ ಎತ್ತರ ಅಲ್ಲಿನ ಅಕ್ಷಾಂಶದಷ್ಟೇ, 32 ಡಿಗ್ರಿಗೆ ಇಡಬೇಕು. ಅವರ ಅಂಗಳದ ದಕ್ಷಿಣ ದಿಕ್ಕಿನ ಫೋಟೋ ಒಂದನ್ನೂ ತರಿಸಿಕೊಂಡೆ. ನಟ್ಟನಡುವೆ ನೀರೆತ್ತುವ ಗಾಳಿಯಂತ್ರ ನಿಂತಿತ್ತು. ಕ್ಯಾಮೆರಾ ಎಲ್ಲಿಡಬೇಕು ಅಂತ ಉಡುಪಿಯಲ್ಲೇ ಕೂತು ಗುರುತು ಹಾಕಿ ಕಳಿಸಿದೆ.

ದಕ್ಷಿಣದ ಆಕಾಶ ನೋಡಲೆಂದೇ ಕೇಪ್‌ಗೆ ಹೋದ ಇಂಗ್ಲಿಷ್ ಖಗೋಳಜ್ಞ ಜಾನ್ ಹರ್ಷೆಲ್ ನೆನಪಾಗದೆ ಇರುತ್ತಾರಾ? 1833ರ ನವೆಂಬರ್‌ನಲ್ಲಿ ಇಂಗ್ಲೆಂಡಿನಿಂದ ಹಡಗು ಹತ್ತಿದವರು ಕೇಪ್ ತಲುಪಿದ್ದು 1834ರ ಜನವರಿಯಲ್ಲಿ. ಜೊತೆಗೆ ಹೆಂಡತಿ, ಮಕ್ಕಳು, 20 ಅಡಿಯ ದೂರದರ್ಶಕ. ಅಲ್ಲಿಂದ ಊರಿಗೆ ಒಂದು ಪ್ರಶ್ನೆ ಬರೆದರೆ ಉತ್ತರ ಬರಲು ತಿಂಗಳುಗಟ್ಟಲೆ ಬೇಕು. ಏನು ಬೇಕಾಗಬಹುದು ಅಂತ ಹೊರಡುವ ಮೊದಲೇ ಲೆಕ್ಕ ಹಾಕಿಕೊಂಡಿರಬೇಕು, ಅಲ್ವಾ? ಅವರ ದೂರದರ್ಶಕ ನಿಂತಿದ್ದ ಜಾಗದಲ್ಲಿ ಈಗ ಸ್ಮಾರಕ ಸ್ತಂಭವಿದೆ. ಅದು ಕೇಪ್‌ಟೌನಿನ ಕ್ಲೇರ್‌ಮಾಂಟ್‌ನಲ್ಲಿ ಒಂದು ಶಾಲೆಯ ಆವರಣದಲ್ಲಿದೆ. ಶಾಲೆಗೂ ಒಂದು ಪತ್ರ ಬರೆದೆ, ಬಾಗಿಲಲ್ಲಿ ನಿಂತು ವಿವರಿಸುವುದು ಬೇಡ ಅಂತ.

ಸದರ್‌ಲ್ಯಾಂಡ್‌ನ ದೊಡ್ಡ ವೀಕ್ಷಣಾಲಯದಲ್ಲಿ ಸಾಲ್ಟ್ ದೂರದರ್ಶಕ ಇದೆ, 91 ಷಟ್ಕೋನ ಕನ್ನಡಿಗಳದ್ದು. ಅದರಲ್ಲಿ ನಮ್ಮಂಥವರು ಇಣುಕಿ ನೋಡುವ ಹಾಗಿಲ್ಲ. ಹಗಲಿನ ಟೂರ್ ಉಂಟು, ಮೊದಲೇ ಬುಕ್ ಮಾಡಬೇಕು.

ವಿಮಾನದವರಿಗೆ ಬರೆದದ್ದು ಬ್ಯಾಟರಿ ವಿಷಯ. ಬಿಡಿ ಲಿಥಿಯಂ ಬ್ಯಾಟರಿ, ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಬ್ಯಾಟರಿಯ ಸಾಮರ್ಥ್ಯ 100 ವ್ಯಾಟ್-ಅವರ್ ದಾಟಿದರೆ 160ರ ತನಕ ಅವರ ಒಪ್ಪಿಗೆ ಬೇಕು. ಒಪ್ಪಿಗೆಯ ಮೇಲ್ ಪ್ರಿಂಟ್ ತೆಗೆದು ಬ್ಯಾಟರಿ ಜೊತೆಗೇ ರಬ್ಬರ್‌ಬ್ಯಾಂಡ್ ಹಾಕಿಟ್ಟೆ. ಕ್ಯಾಮೆರಾ, ಲೆನ್ಸ್‌ಗಳ ಸೀರಿಯಲ್ ನಂಬರ್ ಪಟ್ಟಿಯೂ ಅಲ್ಲೇ. ಹೊರಡುವಾಗಲೇ ಕಸ್ಟಮ್ಸ್‌ನಲ್ಲಿ ತೋರಿಸಿ ಸರ್ಟಿಫಿಕೇಟ್ ಮಾಡಿಸಿಕೊಂಡರೆ, ವಾಪಸ್ ಬರುವಾಗ ಇವೆಲ್ಲ ಹೊರಗಿಂದ ಕೊಂಡು ತಂದದ್ದಾ ಅಂತ ಯಾರೂ ಕೇಳುವುದಿಲ್ಲ.